ನೀರಿನ ಕಡೆಯ ಬಾಗಿಲು

ಹೆದರಿಸಲು ಹೇಳುತ್ತಿಲ್ಲ, ನನಗೆ ಈ ಮನೆಯ ಮೇಲೆ ಪ್ರೀತಿಯೇ. ಅಕ್ಸ್‌ಬ್ರಿಡ್ಜ್ ಊರಿನ ಕಾಲುವೆ ದಡದಲ್ಲಿ, ದೋಣಿಗಳಿಗೆ ನೀರಿನ ಗೇಟು ತೆರೆದು ಮುಚ್ಚುವ ಕಾವಲುಗಾರನಿಗಾಗಿ ಹಿಂದೆಂದೋ ಕಟ್ಟಿದ್ದು. ಎರಡೂ ಕಡೆಯಿಂದ ಬರುವ ದೋಣಿ ಕಾಣಲೆಂದು ಅಡುಗೆಮನೆಯ ಕಿಟಕಿ ಗೋಡೆಯಿಂದ ಹೊರಚಾಚಿದೆ. ನೆಲ ನೀರಿನ ಕಡೆಗೆ ಇಳಿಜಾರು. ಕೈಜಾರಿದ ನಿಂಬೆಹಣ್ಣು ಕಾಲುವೆಗೆ ತೆರೆಯುವ ಹಿಂಬಾಗಿಲಿನತ್ತ ಉರುಳುತ್ತದೆ. ಆದರೆ ಹೊಸ್ತಿಲಿಗೆ ಒಂದು ಗೇಣು ಮೊದಲೇ, ಯಾರೋ ಕಾಲು ಅಡ್ಡ ಇಟ್ಟಂತೆ ನಿಂತುಬಿಡುತ್ತದೆ. ಹೀಟರ್ ಇಲ್ಲದ ಆ ಜಾಗ ಜನವರಿಯಲ್ಲೂ ಬೆಚ್ಚಗಿರುತ್ತದೆ.

"ಯಾರೋ ಹಿರಿಯರು ಇದ್ದಾರಮ್ಮ, ಇರಲಿ ಬಿಡು," ಎನ್ನುತ್ತಿದ್ದರು ನಮ್ಮ ಅತ್ತೆ ವೈದೇಹಿ. ನಾನು ನಗುತ್ತಿದ್ದೆ.

ಆ ಹಿಂಬಾಗಿಲು ಮೇಲೆ ಅರ್ಧ, ಕೆಳಗೆ ಅರ್ಧ ಬೇರೆಬೇರೆಯಾಗಿ ತೆರೆಯುವಂಥದ್ದು. ಕೆಳಗಿನದರ ಚಿಲಕ ಹಳೆಯ ಬಣ್ಣದಲ್ಲಿ ಅಂಟಿಹೋಗಿ, ಹಾಕಲು ಬರುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಒಗ್ಗರಣೆ ಸೀದು ಸ್ಮೋಕ್ ಅಲಾರಂ ಹೊಡೆದುಕೊಂಡಿತು. ಹೊಗೆ ಹೋಗಲೆಂದು ಇಡೀ ಬಾಗಿಲು ತೆರೆದಿಟ್ಟು, ಕುರ್ಚಿ ಹತ್ತಿ ಅಲಾರಂಗೆ ಟವೆಲ್ ಬೀಸುತ್ತಿದ್ದೆ. ಆಗಷ್ಟೇ ನಡೆಯಲು ಕಲಿತಿದ್ದ ಮಗಳು ಸಿರಿಶಾ ಇಳಿಜಾರಿನಲ್ಲಿ ಬಾಗಿಲಿನತ್ತ ಓಡಿದ್ದು ಕಂಡಿತು. ಕೂಗಿದೆ. ಅಲಾರಂ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ಕುರ್ಚಿಯಿಂದ ಹಾರಿ ಅಲ್ಲಿಗೆ ತಲುಪುವಷ್ಟರಲ್ಲಿ ಕೆಳಗಿನ ಬಾಗಿಲು ಮುಚ್ಚಿತ್ತು, ಚಿಲಕವೂ ಬಿದ್ದಿತ್ತು. ಸಿರಿಶಾ ಅದಕ್ಕೆ ಆತುಕೊಂಡು, ನನಗಿಂತ ಎತ್ತರದ ಯಾರನ್ನೋ ನೋಡುವಂತೆ ತಲೆಯೆತ್ತಿ ನಗುತ್ತಿದ್ದಳು.

ಆಮೇಲೆ ಎಷ್ಟು ಎಳೆದರೂ ಅಲುಗದ ಆ ಚಿಲಕ ತೆಗೆಸಲು ಬಡಗಿಯನ್ನು ಕರೆಸೋಣವೆಂದರೆ ಅತ್ತೆ ಬಿಡಲಿಲ್ಲ. "ಅವರು ಹಾಕಿದ್ದನ್ನ ನಾವ್ಯಾಕಮ್ಮ ತೆಗೀಬೇಕು?"

ಈಗಲೂ ಅದು ಹಾಕಿಯೇ ಇದೆ. ಆದರೆ ಅದನ್ನು ಅಂಟಿಸಿಟ್ಟಿದ್ದ ಹಳೆಯ ಬಣ್ಣ ಎಲ್ಲೂ ಬಿರುಕು ಬಿಟ್ಟಿಲ್ಲ.