ನಲವತ್ತೇಳನೇ ಟ್ಯೂಬು

ಮಂಗಳವಾರ ಬೆಳಿಗ್ಗೆ 10.20ಕ್ಕೆ ದೊಡ್ಡಾಸ್ಪತ್ರೆಯ ಸೂಕ್ಷ್ಮಜೀವಿ ತಜ್ಞೆ ಠಾಣೆಗೆ ಬಂದು ದೂರು ಕೊಟ್ಟರು. ಪ್ರಯೋಗಾಲಯದ ಫ್ರಿಜ್ಜಿನಲ್ಲಿದ್ದ ನಲವತ್ತೇಳನೇ ನಂಬರಿನ ಟ್ಯೂಬನ್ನು ಯಾರೋ ಬದಲಾಯಿಸಿದ್ದರು.

"ಅದರಲ್ಲಿ ಏನಿತ್ತು ಮೇಡಂ?" ಇನ್‌ಸ್ಪೆಕ್ಟರ್ ಕೇಳಿದರು.

"ಬ್ಯಾಕ್ಟೀರಿಯಾ."

ಹೆಡ್ ಕಾನ್‌ಸ್ಟೇಬಲ್‌ನ ಪೆನ್ನು ನಿಂತಿತು. ಯಾವ ಕೆಲಸಕ್ಕೂ ಅವಸರ ಮಾಡದ ಈತನಿಗೆ ಠಾಣೆಯವರು ಇಟ್ಟ ಹೆಸರು ಎಕ್ಸ್‌ಪ್ರೆಸ್. "ಸಾರ್, ಕಳುವಾದ ಮಾಲು ಕ್ರಿಮಿ ಅಂತ ಬರೀಲಾ?"

"ಬರಿ. ಎಷ್ಟು ಅಂತ ಎಣಿಸೋಕೆ ಮಾತ್ರ ಹೋಗ್ಬೇಡ."

ಡಾಕ್ಟರಮ್ಮ ನಗಲಿಲ್ಲ. ಯಾವ ಬ್ಯಾಕ್ಟೀರಿಯಾ ಯಾವ ಔಷಧಿಗೆ ಜಗ್ಗುವುದಿಲ್ಲ ಎಂಬುದೇ ಅವರ ಆರು ವರ್ಷಗಳ ಸಂಶೋಧನೆ. ರೋಗಿಯ ಕೀವಿನಿಂದ ಬೆಳೆಸಿದ್ದನ್ನು ಟ್ಯೂಬಿನಲ್ಲಿಟ್ಟು, ಅದರ ಮೇಲೆ ಒಂದೊಂದೇ ಔಷಧಿ ಪರೀಕ್ಷಿಸುತ್ತಾರೆ. ಅದು ಯಾವುದಕ್ಕೆ ಸಾಯುತ್ತದೋ ಆ ಔಷಧಿ ರೋಗಿಗೆ ಹೋಗುತ್ತದೆ. ನಲವತ್ತೇಳು ಎಂದರೆ ವಾರ್ಡಿನಲ್ಲಿದ್ದ ಒಬ್ಬ ಬಡಗಿಯ ಕಾಲಿನ ಗಾಯ.

"ಹೋದ ಬುಧವಾರ ನಾನೇ ನೋಡಿದ್ದೆ. ಕೀವು ಬೆಳೆಸಿದ ಪ್ಲೇಟ್ ತುಂಬ ಹಸಿರು, ದ್ರಾಕ್ಷಿ ವಾಸನೆ. ಹಠಮಾರಿ ಜಾತಿ. ಮಾರನೇ ದಿನದಿಂದ ರಜೆ ಹಾಕಿದ್ದೆ. ನಿನ್ನೆ ಬಂದ್ರೆ, ಮಾಮೂಲಿ ಔಷಧಿಗೇ ಸಾಯುತ್ತೆ ಅಂತ ಶುಕ್ರವಾರ ರಿಪೋರ್ಟ್ ಹೋಗಿದೆ. ಅದೇ ಟ್ಯೂಬಿಂದ ಮತ್ತೆ ಬೆಳೆಸಿದೆ. ಇವತ್ತು ನೋಡಿದ್ರೆ ಹಸಿರೂ ಇಲ್ಲ, ವಾಸನೇನೂ ಇಲ್ಲ."

"ರೋಗಿ?"

"ನಾಲ್ಕು ದಿನ ಉಪಯೋಗಕ್ಕೆ ಬಾರದ ಔಷಧಿ ಹೋಗಿದೆ. ನಿನ್ನೆ ಹೊಸದಾಗಿ ಕೀವು ತೆಗೆದಿದ್ದೀನಿ, ನಾಳೆ ಬೆಳಿಗ್ಗೆ ಉತ್ತರ ಸಿಗುತ್ತೆ. ಅಷ್ಟರಲ್ಲಿ ನಂಜು ಮಂಡಿ ದಾಟಿದ್ರೆ ಕಾಲು ತೆಗೀಬೇಕಾಗುತ್ತೆ. ಇದನ್ನ ಮಾಡಿದೋರು ಯಾರು ಅಂತ ಗೊತ್ತಾಗೋವರೆಗೆ ನನ್ನ ರಿಪೋರ್ಟನ್ನ ನಾನೇ ನಂಬೋ ಹಾಗಿಲ್ಲ ಸಾರ್."

11.00ಕ್ಕೆ ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಪ್ರಯೋಗಾಲಯದಲ್ಲಿ ಪಂಚನಾಮೆ ಶುರುವಾಯಿತು. ಫ್ರಿಜ್ಜಿನ ಬೀಗದ ಕೈ ಇರುತ್ತಿದ್ದದ್ದು ಲ್ಯಾಬ್ ಟೆಕ್ನಿಷಿಯನ್ ಬಳಿ. ಆತನ ಮುಖ ಆಗಲೇ ಸುಣ್ಣದಂತಾಗಿತ್ತು. ಎಕ್ಸ್‌ಪ್ರೆಸ್ ಜೀವನದಲ್ಲಿ ಮೊದಲ ಸಲ ಅವಸರಪಟ್ಟ. "ಸಾರ್, ಕರ್ಕೊಂಡ್ ಹೋಗೋಣ್ವಾ?"

"ಸ್ವಲ್ಪ ತಡಿ."

ಡಾಕ್ಟರಮ್ಮ ನಲವತ್ತೇಳನೇ ಟ್ಯೂಬನ್ನು ಪೊಲೀಸರ ಕೈಗೆ ಕೊಡುವ ಮುನ್ನ ಅದರ ಹೊರಮೈಯನ್ನೆಲ್ಲ ಸ್ಪಿರಿಟ್ ಹತ್ತಿಯಿಂದ ಒರೆಸಿದರು. ಹತ್ತಿ ನೀಲಿಯಾಯಿತು. ಚೀಟಿಯ ಮೇಲಿನ ನಂಬರು ಕದಡಿಹೋಯಿತು.

"ಬೇರೆ ಟ್ಯೂಬ್‌ಗಳನ್ನೂ ಒರೆಸಿ" ಎಂದರು ಇನ್‌ಸ್ಪೆಕ್ಟರ್. ಹನ್ನೆರಡು ಟ್ಯೂಬು ಒರೆಸಿದರೂ ಒಂದು ನಂಬರೂ ಅಳಿಸಲಿಲ್ಲ.

"ನಾವು ಪೆನ್ಸಿಲ್‌ನಲ್ಲೇ ಬರೆಯೋದು ಸಾರ್," ಟೆಕ್ನಿಷಿಯನ್‌ಗೆ ಈಗ ಉಸಿರು ಬಂತು. "ಸ್ಪಿರಿಟ್ ತಾಗಿದ್ರೆ ಪೆನ್ನು ನಿಲ್ಲಲ್ಲ. ಲ್ಯಾಬಿಗೆ ಸೇರಿದ ಮೊದಲ ದಿನಾನೇ ಹೇಳ್ಕೊಡ್ತಾರೆ."

ಅಂದರೆ ಬರೆದವರು ಲ್ಯಾಬಿನವರಲ್ಲ. ಬೆಳಿಗ್ಗೆ ವಾರ್ಡುಗಳಿಂದ ಸ್ಯಾಂಪಲ್ ಬರುವ ಹೊತ್ತಿನಲ್ಲಿ ಫ್ರಿಜ್ಜು ಬೀಗವಿಲ್ಲದೆ ಇರುತ್ತಿತ್ತು. ಯಾರು ಏನು ತಂದರು ಎಂಬುದಕ್ಕೆ ಒಂದು ಪುಸ್ತಕವಿತ್ತು. ಎಕ್ಸ್‌ಪ್ರೆಸ್ ತನ್ನ ವೇಗದಲ್ಲೇ ಸಾಲುಸಾಲಾಗಿ ಬೆರಳಿಟ್ಟು ಓದಿದ. ಹೀಗೆ ಓದುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಎಲ್ಲ ಸಾಲಿನಲ್ಲೂ ವಾರ್ಡ್ ಅಟೆಂಡರುಗಳ ಸಹಿ. ಗುರುವಾರ 8.10ಕ್ಕೆ ಮಾತ್ರ ಬಡಗಿಯ ವಾರ್ಡಿನ ಹಿರಿಯ ಸಿಸ್ಟರ್ ತಾವೇ ಬಂದಿದ್ದರು.

ವಾರ್ಡಿನ ಬಾಗಿಲಲ್ಲಿ ಬಡಗಿಯ ಹೆಂಡತಿ ಇನ್‌ಸ್ಪೆಕ್ಟರನ್ನು ತಡೆದಳು. "ಅಣ್ಣಾ, ಕಾಲು ಉಳಿಯುತ್ತಾ? ನಿಂತು ಮಾಡೋ ಕೆಲಸ ಅವರದ್ದು."

"ಡಾಕ್ಟರಮ್ಮ ಗಟ್ಟಿಗಿತ್ತಿ ಕಣಮ್ಮ. ಧೈರ್ಯವಾಗಿರು" ಎಂದರು. ಹೇಳಿದ್ದು ಸಮಾಧಾನಕ್ಕಲ್ಲ, ನಂಬಿಯೇ.

2.30ಕ್ಕೆ ಸಿಸ್ಟರ್ ಎದುರು ಕುಳಿತರು. ಬಲಗೈ ಸೆರಗಿನೊಳಗಿತ್ತು.

"ಗುರುವಾರ ಲ್ಯಾಬಿಗೆ ನೀವೇ ಯಾಕೆ ಹೋದ್ರಿ?"

"ಅಟೆಂಡರ್ ಇರ್ಲಿಲ್ಲ."

"ಇದ್ದ. ಅದೇ ದಿನ 8.25ಕ್ಕೆ ಅವನೂ ಸಹಿ ಮಾಡಿದ್ದಾನೆ."

ಅವರು ಕೈ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ದಿನಕ್ಕೆ ಐವತ್ತು ಸಲ ತೊಳೆದು ಬಿರಿದ ಬೆರಳುಗಳು. ಒಂದರಲ್ಲಿ ಮಾಯದ ಹುಣ್ಣು.

"ಬಡಗಿಗೆ ನಂಜು ವಾರ್ಡಲ್ಲೇ ತಗುಲಿರ್ಬೇಕು, ರಜೆ ಮುಗಿಸಿ ಬಂದು ಎಲ್ಲರ ಕೈಯಿಂದಲೂ ಸ್ಯಾಂಪಲ್ ತಗೊಂಡು ನಲವತ್ತೇಳಕ್ಕೆ ಹೋಲಿಸ್ತೀನಿ ಅಂದ್ರು ಡಾಕ್ಟರಮ್ಮ. ಇಪ್ಪತ್ಮೂರು ವರ್ಷ, ಹೊಸಬರಿಗೆಲ್ಲ ಕೈ ತೊಳೆಯೋದು ಕಲಿಸಿದೋಳು ನಾನು. ಅವನಿಗೆ ನಂಜು ಕೊಟ್ಟಿದ್ದು ಈ ಕೈಯೇ ಅಂತ ಬಂದ್ರೆ? ಎಸೆಯೋಕಿಟ್ಟಿದ್ದ ಹಳೇ ಟ್ಯೂಬಿಗೆ ನಂಬರ್ ಅಂಟಿಸಿಟ್ಟು ಬಂದೆ. ಅಸಲಿಯನ್ನ ಉರಿಸೋ ಕಸಕ್ಕೆ ಹಾಕ್ದೆ. ಅದು ಸಂಶೋಧನೆಗೆ ಇಟ್ಟಿದ್ದು ಸಾರ್. ಔಷಧಿ ಪರೀಕ್ಷೆ ಬುಧವಾರಾನೇ ಆಗಿತ್ತಲ್ಲ."

"ಆಗಿರ್ಲಿಲ್ಲ. ಗುರುವಾರ ಮಧ್ಯಾಹ್ನ ಆಯ್ತು. ನೀವಿಟ್ಟ ಟ್ಯೂಬಿಂದ."

ಸಿಸ್ಟರ್ ತಲೆಯೆತ್ತಿದರು. "ಆ ಇಂಜೆಕ್ಷನ್... ಹನ್ನೆರಡರಲ್ಲಿ ಏಳು ನಾನೇ ಕೊಟ್ಟೆ."

4.05ಕ್ಕೆ ಬಂಧನವಾಯಿತು. ಅವರ ಕೈಯ ಸ್ಯಾಂಪಲನ್ನು ಪಂಚರ ಎದುರೇ ತೆಗೆಯಲಾಯಿತು.

ಬುಧವಾರ 9.15ಕ್ಕೆ ಸರಿಯಾದ ಔಷಧಿ ಸಿಕ್ಕಿತು. ಶುಕ್ರವಾರ ಡಾಕ್ಟರಮ್ಮನ ಫೋನು ಬಂದಾಗ ಅವರ ದನಿಯಲ್ಲಿ ಹೆಮ್ಮೆಯೂ ಇತ್ತು, ಸಂಕಟವೂ ಇತ್ತು. ಅವರು ಹೇಳಿದ್ದನ್ನು ಬರೆದುಕೊಂಡು ಇನ್‌ಸ್ಪೆಕ್ಟರ್ ಜೈಲಿಗೆ ಹೋದರು. ಕಾನೂನಿನ ಪ್ರಕಾರ ಹೋಗಬೇಕಾಗಿರಲಿಲ್ಲ.

"ಕಾಲು?" ಸಿಸ್ಟರ್ ಮೊದಲು ಕೇಳಿದ್ದು ಅದನ್ನೇ.

"ಉಳೀತು. ಜ್ವರಾನೂ ಇಳಿದಿದೆ." ಇನ್‌ಸ್ಪೆಕ್ಟರ್ ಬರೆದುಕೊಂಡಿದ್ದ ಚೀಟಿ ತೆಗೆದರು. "ನಂಜು ಬಂದಿದ್ದು ಡ್ರೆಸಿಂಗ್ ರೂಮಿನ ಸಿಂಕಿಂದ ಸಿಸ್ಟರ್. ನಿಮ್ಮ ಕೈಯಲ್ಲಿ ಅದು ಇರ್ಲೇ ಇಲ್ಲ."

ಸಿಸ್ಟರ್ ತಮ್ಮ ಎರಡೂ ಕೈಗಳನ್ನು ನೋಡಿಕೊಂಡು ಅಳತೊಡಗಿದರು.