ಅಲುಗಾಡದ ಏಣಿ

ಅಂಗಡಿ, ಮನೆಗಳಿಗೆ ಸಿಸಿಟಿವಿ ಕ್ಯಾಮೆರಾ ಹಾಕುವುದು ನನ್ನ ಕಸುಬು. ನನ್ನ ಏಣಿಗೆ ಒಂದು ಕಾಲು ಗಿಡ್ಡ. ಹತ್ತಿದಾಗಲೆಲ್ಲ ಹೆಂಡತಿ ಹಿಡಿದುಕೊಳ್ಳುತ್ತಿದ್ದಳು. “ಹೊಸದು ತಗೊಳ್ರೀ” ಅಂತ ಗೊಣಗಿದರೆ, “ನೀನಿದ್ದೀಯಲ್ಲ” ಅನ್ನುತ್ತಿದ್ದೆ.

ಅವಳು ತೀರಿಕೊಂಡ ಮೇಲೆ ಮೊದಲ ಕೆಲಸ ಒಂದು ಬಟ್ಟೆ ಅಂಗಡಿಯಲ್ಲಿ. ದೃಶ್ಯ ಉಳಿಸಿಡುವ ಡಿವಿಆರ್ ಪೆಟ್ಟಿಗೆಗೆ ಹೊಸ ಹಾರ್ಡ್ ಡಿಸ್ಕ್ ಕೂರಿಸಿ, ಎರಡು ಕ್ಯಾಮೆರಾ ಬಿಗಿದು, ರೆಕಾರ್ಡ್ ಆಗಿದೆಯಾ ಅಂತ ಹಿಂದಕ್ಕೆ ಓಡಿಸಿ ನೋಡಿದೆ. ಪರದೆಯಲ್ಲಿ, ಎರಡನೇ ಕ್ಯಾಮೆರಾ ಬಿಗಿಯುತ್ತಾ ಏಣಿಯ ಮೇಲೆ ನಾನೊಬ್ಬನೇ ಇದ್ದೆ. ಕೆಳಗೆ ನೋಡಿ ಏನೋ ಹೇಳುತ್ತೇನೆ, ಉತ್ತರಕ್ಕೆ ಕಾಯುತ್ತೇನೆ, ನಗುತ್ತೇನೆ.

“ಯಾರ ಹತ್ರ ಮಾತಾಡ್ತಿದ್ರಿ ಅಣ್ಣಾ?” ಪಕ್ಕದಲ್ಲಿ ನಿಂತು ಪರದೆ ನೋಡುತ್ತಿದ್ದ ಅಂಗಡಿಯಾಕೆ ಕೇಳಿದರು.

ನಾನು ಬಾಯೇ ಬಿಟ್ಟಿರಲಿಲ್ಲ. ಹೆಂಡತಿ ಹೋದ ಮೇಲೆ ನಕ್ಕೂ ಇರಲಿಲ್ಲ.

ಕ್ಯಾಮೆರಾ ಕೊಂಚ ವಾರೆಯಾಗಿತ್ತು, ಮತ್ತೆ ಹತ್ತಿದೆ. ಯಾರೂ ಹಿಡಿಯದಿದ್ದರೂ ಏಣಿ ಅಲುಗಾಡಲೇ ಇಲ್ಲ.

ಕೆಳಗೆ ನೋಡದೆಯೇ, “ಸಾಕು ಕಣೇ, ಕೈ ನೋಯುತ್ತೆ, ಬಿಡು” ಅಂದೆ.

ಏಣಿ ಅಲುಗಾಡಿತು.