ತೋಳಿಗಂಟಿದ ಗೂಡಿನ ಎಳೆ

ಸಾಬೀರನ ತೋಳಿಗೆ ಒಂದು ಬಿಳಿ ಎಳೆ ಅಂಟಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಂಗಿಯ ದಾರ ಅಂದುಕೊಂಡು ಸುಮ್ಮನಾಗುತ್ತಿದ್ದರು. ಮೆಹ್ರೀನ್ ರಾಮನಗರದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್ ಮುನಾವರ್ ಅವರ ಮಗಳು. ರೇಷ್ಮೆ ಗೂಡು ಬೇಯುವ ವಾಸನೆಯಲ್ಲೇ ಬೆಳೆದವಳು. ಹುಳು ಸಾಕುವ ಮನೆಯಲ್ಲಿ ಗೂಡು ಬಿಡಿಸುವಾಗ ಮೈಗೆ ಹತ್ತುವ ಎಳೆ ಅದು ಎಂದು ಅವಳಿಗೆ ದೂರದಿಂದಲೇ ತಿಳಿಯಿತು.

"ನಿನ್ನೆ ಎಲ್ಲಿದ್ದೆ?" ಬಾಲನ್ನು ಕಾಲಡಿ ಒತ್ತಿ ಹಿಡಿದು ಕೇಳಿದಳು.

"ಚನ್ನಪಟ್ಟಣದಲ್ಲೇ. ಅಬ್ಬಾ ಜೊತೆ ಮಿಷನ್ ಹತ್ರ." ಗೋಲು ಕಂಬಗಳ ನಡುವೆ ನಿಂತಿದ್ದ ಸಾಬೀರ್ ಮುಖ ಎತ್ತದೆ ಗ್ಲೌಸ್ ಹಾಕಿಕೊಂಡ.

ಸುಳ್ಳು. ಅವನಪ್ಪ ಪೀರ್ ಸಾಬ್ ಮರದ ಬೊಂಬೆ ಮಾಡುವವರು. ಮಿಷನ್ ಹತ್ತಿರ ಕೂತ ಮರುದಿನ ಸಾಬೀರನ ಉಗುರಿನ ಸಂದಿಯಲ್ಲಿ ಅರಗಿನ ಬಣ್ಣ ಇದ್ದೇ ಇರುತ್ತಿತ್ತು. ಇವತ್ತು ಉಗುರು ಸ್ವಚ್ಛವಾಗಿತ್ತು. ಬೊಂಬೆ ಮಾಡುವ ಮನೆಯಲ್ಲಿ ರೇಷ್ಮೆ ಗೂಡಿಗೆ ಏನು ಕೆಲಸ?

ಮೆಹ್ರೀನಳ ಫುಟ್‌ಬಾಲ್ ಟೀಮಿನಲ್ಲಿ ಹುಳು ಸಾಕುವ ಮನೆಯವಳು ಒಬ್ಬಳೇ. ಕೂಟಗಲ್ಲಿನ ಬೋರಲಿಂಗಯ್ಯನವರ ಮಗಳು ಸಿರಿ.

ಮೆಹ್ರೀನ್ ಬಾಲನ್ನು ಒದ್ದಳು. ಅದು ನೇರ ಸಾಬೀರನ ಎದೆಗೆ ಬಡಿಯಿತು.

"ಏನಮ್ಮ, ಸಾಯಿಸ್ಬುಡ್ತೀಯಾ?" ಅವನು ಎದೆ ಉಜ್ಜಿಕೊಂಡು ನಕ್ಕ.

ಮೊದಲ ದಿನವೂ ಹೀಗೇ ಆಗಿತ್ತು. ಹುಡುಗರ ಟೀಮಿನಲ್ಲಿ ಗೋಲು ಕಾಯುವ ಗೋಲಿಯಾಗಿದ್ದ ಅವನನ್ನು ಪಿ.ಟಿ. ಮೇಷ್ಟ್ರು ಚಲುವಯ್ಯ ಹುಡುಗಿಯರ ಪ್ರಾಕ್ಟೀಸಿಗೆ ನಿಲ್ಲಿಸಿದ್ದರು. ಮೆಹ್ರೀನಳ ಮೊದಲ ಹೊಡೆತ ಅವನ ಮೂಗಿಗೆ ಬಿದ್ದಿತ್ತು. ರಕ್ತ ಒರೆಸಿಕೊಂಡು, "ಇನ್ನೊಂದ್ ಹೊಡಿ" ಎಂದಿದ್ದ. ಅವತ್ತಿನಿಂದ ಅವಳಿಗೆ ಬೇರೆ ಯಾರೂ ಕಣ್ಣಿಗೆ ಬೀಳಲಿಲ್ಲ. ಅವನು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಈಗ ಹೇಳುವುದು ಏನು ಉಳಿದಿದೆ?

* * *

ಆ ವರ್ಷ ಅವರ ಕಾಲೇಜಿನ ಹುಡುಗಿಯರ ಟೀಮು ಗೋಲಿನ ಮೇಲೆ ಗೋಲು ಹೊಡೆದಿತ್ತು. ಚಲುವಯ್ಯ ಮೇಷ್ಟ್ರ ಲೆಕ್ಕ ಸರಳವಾಗಿತ್ತು. "ತಡಿಯೋದು ನಿಮ್ ಕೈಲಿ ಆಗಲ್ಲ ಕಣ್ರಮ್ಮ. ಅವ್ರು ಮೂರು ಹೊಡುದ್ರೆ ನೀವು ಐದು ಹೊಡೀರಿ. ಅಷ್ಟೇ ಆಟ."

ಹೊಡೆದಿದ್ದರು. ಮಾಗಡಿಯವರಿಗೆ ಏಳು, ಚನ್ನಪಟ್ಟಣದವರಿಗೆ ಆರು. ಒಂದೇ ಸೀಸನ್ನಿನಲ್ಲಿ ಮೂವತ್ತೆಂಟು ಗೋಲು ಎನ್ನುವುದು ಅಂತರ ಕಾಲೇಜು ಪಂದ್ಯಗಳ ಹಳೆಯ ದಾಖಲೆ. ಇವರದು ಮೂವತ್ತೇಳಾಗಿತ್ತು. ಕನಕಪುರದಲ್ಲಿ ಫೈನಲ್ ಬಾಕಿ.

ಆ ಗೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿರಿಯವು. ಪೇಪರಿನಲ್ಲಿ ಅವಳ ಫೋಟೋ ಬಂದಿತ್ತು. ಕೂಟಗಲ್ಲಿನಲ್ಲಿ ಅವಳ ಬ್ಯಾನರ್ ಕಟ್ಟಿದ್ದರು. ಸಿರಿಯ ಕಾಲಿಗೆ ಬಾಲ್ ತಲುಪಿಸಿದ ಮೆಹ್ರೀನಳ ಹೆಸರು ಎಲ್ಲೂ ಇರಲಿಲ್ಲ.

ಇರಲಿ, ಎಂದುಕೊಂಡಿದ್ದಳು ಮೆಹ್ರೀನ್. ಗೋಲು ಅವಳದಾಗಲಿ. ಆದರೆ ಇವನೂ ಅವಳವನೇ ಆಗಬೇಕಾ?

ಎಳೆ ಕಂಡ ದಿನದ ಸಂಜೆ ಅವಳ ಮನೆಗೆ ಮಾಗಡಿಯಿಂದ ಸಂಬಂಧ ಕೇಳಿಕೊಂಡು ಬಂದಿದ್ದರು. ಮುನಾವರ್ ಎಂದಿನಂತೆ ಹುಡುಗನ ಕೈಗೆ ಎರಡು ಗೂಡು ಕೊಟ್ಟರು.

"ಯಾವ್ದು ಒಳ್ಳೇದು ಹೇಳಪ್ಪ."

ಹುಡುಗ ದಪ್ಪದ್ದನ್ನು ತೋರಿಸಿದ. ಮುನಾವರ್ ಚಹಾ ಕೊಟ್ಟು ಕಳಿಸಿದರು. "ಗೂಡು ಹಿಡಿದು ನೋಡಕ್ಕೆ ಬರ್ದೋನು ನಮ್ಮನೇಲಿ ಏನ್ ಮಾಡ್ತಾನೆ?" ಎಂದು ಹೆಂಡತಿ ತಾಹೇರಾಳ ಮುಂದೆ ನಕ್ಕರು.

"ಹಿಂಗೇ ಆದ್ರೆ ಮಗಳು ಇಲ್ಲೇ ಮುದುಕಿ ಆಗ್ತಾಳೆ" ಎಂದಳು ತಾಹೇರಾ.

ಇಂಥದ್ದೇ ಒಂದು ಪ್ರಸಂಗವನ್ನು ಹಿಂದೊಮ್ಮೆ ಮೆಹ್ರೀನ್ ಗ್ರೌಂಡಿನಲ್ಲಿ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಸಾಬೀರ್ ಮಾತ್ರ ನಕ್ಕಿರಲಿಲ್ಲ. ಎದ್ದು ಹೋಗಿದ್ದ. ಅವಳ ಮದುವೆಯ ಗೊಡವೆಯೇ ಅವನಿಗೆ ಬೇಡ ಎಂದು ಅವಳಿಗೆ ಅವತ್ತೇ ಅರ್ಥವಾಗಬೇಕಿತ್ತು...

* * *

ಕನಕಪುರದ ಮೈದಾನದಲ್ಲಿ ಮೊದಲರ್ಧ ಮುಗಿದಾಗ ಎದುರಾಳಿಗಳದು ಒಂದು ಗೋಲು, ಇವರದು ಸೊನ್ನೆ.

ಕಾರಣ ಮೇಷ್ಟ್ರಿಗೆ ತಿಳಿಯಲಿಲ್ಲ. ಸಿರಿಗೆ ತಿಳಿದಿತ್ತು. ಅವಳು ಖಾಲಿ ಜಾಗಕ್ಕೆ ಓಡಿದಾಗಲೆಲ್ಲ ಮೆಹ್ರೀನ್ ಬಾಲನ್ನು ಇನ್ನೊಂದು ಕಡೆಗೆ ತಳ್ಳಿದ್ದಳು. ನೀರಿನ ಕ್ಯಾನಿನ ಹತ್ತಿರ ಸಿರಿ ಅವಳನ್ನು ಹಿಡಿದು ನಿಲ್ಲಿಸಿದಳು.

"ಏನ್ ರೋಗ ನಿಂಗೆ? ನಾನ್ ಕಾಣ್ತಾ ಇಲ್ವಾ?"

"ಕಾಣ್ತೀಯ. ಎಲ್ರಿಗೂ ನೀನೇ ಕಾಣ್ತೀಯ."

"ಏನಂದ್ರೆ?"

ಮೆಹ್ರೀನ್ ನೀರು ಕುಡಿದು ಬಾಯಿ ಒರೆಸಿಕೊಂಡಳು. "ಹೋದ ಭಾನುವಾರ ಸಾಬೀರ್ ನಿಮ್ಮನೇಲಿದ್ನಾ?"

ಸಿರಿ ಅವಳ ತೋಳು ಬಿಟ್ಟಳು. "ಇದ್ದ."

"ಯಾಕೆ?"

"ಅದನ್ನ ಅವ್ನೇ ಹೇಳ್ಬೇಕು. ನಾನ್ ಹೇಳಲ್ಲ ಅಂತ ಮಾತು ಕೊಟ್ಬುಟ್ಟಿದೀನಿ."

ಮೆಹ್ರೀನ್ ಕ್ಯಾನಿನ ನಲ್ಲಿಯನ್ನು ತಿರುಚಿ ಮುಚ್ಚಿದಳು. ಇವರಿಬ್ಬರ ನಡುವೆ ಗುಟ್ಟು ಬೇರೆ.

"ನೋಡು" ಎಂದಳು ಸಿರಿ, "ನನ್ ಮೇಲೆ ಕೋಪ ಇದ್ರೆ ಆಟ ಮುಗುದ್ಮೇಲೆ ಎರಡು ಬಾರ್ಸು, ಹೊಡ್ಸ್ಕೋತೀನಿ. ಈಗ ಬಾಲ್ ಕೊಡು ಕಣೇ."

ಮೆಹ್ರೀನ್ ಮೈದಾನಕ್ಕೆ ನಡೆದಳು.

ಎರಡನೇ ಅರ್ಧ ಶುರುವಾಯಿತು. ಎದುರಾಳಿಗಳ ಗೋಲಿನ ಹಿಂದೆ ಬೇಲಿಗೊರಗಿ ಸಾಬೀರ್ ನಿಂತಿದ್ದ. ಅವನು ಯಾರನ್ನು ನೋಡುತ್ತಿದ್ದಾನೆ? ನೋಡಬಾರದು ಎಂದುಕೊಂಡೇ ಮೆಹ್ರೀನ್ ನೋಡಿದಳು. ಬಿಸಿಲಿನಲ್ಲಿ ತಿಳಿಯಲಿಲ್ಲ.

ಬಾಲ್ ಅವಳ ಕಾಲಿಗೆ ಬಂತು. ಬಲಗಡೆಯಿಂದ ಸಿರಿ ಓಡತೊಡಗಿದಳು. ಮೊದಲರ್ಧದುದ್ದಕ್ಕೂ ಬರದೇ ಹೋದ ಬಾಲಿಗಾಗಿ ಅದೇ ಜಾಗಕ್ಕೆ, ಅದೇ ವೇಗದಲ್ಲಿ ಮತ್ತೆ ಓಡುತ್ತಿದ್ದಳು. ಈ ಸಲವೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಿರಬೇಕು. ಆದರೂ ಓಡುತ್ತಿದ್ದಾಳೆ...

ಮೆಹ್ರೀನಳ ಕೋಪ ಇಳಿಯಲಿಲ್ಲ. ಆದರೆ ಓಡುವವಳಿಗೆ ಬಾಲ್ ಕೊಡದಿರುವುದು ಒಂದು ಆಟವೇ? ಹಾಗೆ ಆಡಿ ಗೆದ್ದರೂ ಸೋತರೂ ನಾಳೆ ಕನ್ನಡಿ ನೋಡಿಕೊಳ್ಳುವವಳು ತಾನೇ.

ಕೊಟ್ಟಳು. ಸಿರಿ ಹೊಡೆದಳು. ಮೂವತ್ತೆಂಟು.

ಕೊನೆಯ ನಿಮಿಷಗಳಲ್ಲಿ ಬಾಲ್ ಮತ್ತೆ ಮೆಹ್ರೀನಳದಾಯಿತು. ಈಗ ಅವಳೇ ಗೋಲಿನ ಹತ್ತಿರವಿದ್ದಳು. ಎದುರಿಗೆ ಗೋಲಿ, ಗೋಲಿನ ಹಿಂದೆ ಸಾಬೀರ್. ಹೊಡೆದರೆ ದಾಖಲೆಯ ಗೋಲು ತನ್ನದು, ಫೋಟೋ ತನ್ನದು. ಅವನೂ ನೋಡುತ್ತಾನೆ. ಆದರೆ ಗೋಲಿ ದಾರಿ ಮುಚ್ಚಿದ್ದಳು. ಎಡಗಡೆ ಸಿರಿಯ ಮುಂದೆ ಯಾರೂ ಇರಲಿಲ್ಲ.

'ತಗೊಂಡು ಸಾಯಿ' ಎಂದು ಮನಸ್ಸಿನಲ್ಲೇ ಬೈದು ಬಾಲನ್ನು ಎಡಕ್ಕೆ ದಾಟಿಸಿದಳು.

ಮೂವತ್ತೊಂಬತ್ತು.

* * *

ಸಿರಿಯನ್ನು ಹೊತ್ತುಕೊಂಡು ಎಲ್ಲರೂ ಮೈದಾನ ಸುತ್ತುತ್ತಿದ್ದರು. ಚಲುವಯ್ಯ ಮೇಷ್ಟ್ರು ಶಿಳ್ಳೆ ಹಾಕುವುದನ್ನು ನಿಲ್ಲಿಸಿರಲಿಲ್ಲ. ಮೆಹ್ರೀನ್ ಬಸ್ಸಿನ ನೆರಳಿನಲ್ಲಿ ಒಬ್ಬಳೇ ಕೂತು ಶೂ ಬಿಚ್ಚುತ್ತಿದ್ದಳು. ಕಣ್ಣು ಉರಿಯುತ್ತಿತ್ತು. ಬೆವರು ಎಂದು ತನಗೆ ತಾನೇ ಹೇಳಿಕೊಂಡಳು.

ಸ್ವಲ್ಪ ಹೊತ್ತಿಗೆ ಸಿರಿ ಸಾಬೀರನ ಅಂಗಿ ಹಿಡಿದು ಎಳೆದುಕೊಂಡೇ ಬಂದಳು.

"ಹೇಳೋ ಈಗ. ನಿನ್ ಗುಟ್ಟಿನಿಂದ ನಂಗೆ ಅರ್ಧ ಮ್ಯಾಚು ಬಾಲೇ ಸಿಗ್ಲಿಲ್ಲ." ಅವನನ್ನು ಮುಂದೆ ತಳ್ಳಿ ಅಷ್ಟೇ ವೇಗದಲ್ಲಿ ಹೊರಟುಹೋದಳು.

ಸಾಬೀರ್ ಮೆಹ್ರೀನಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದ. ಒಳಗೆ ಎರಡು ರೇಷ್ಮೆ ಗೂಡು.

"ಸಿರಿ ಅಪ್ಪನ ಹತ್ರ ಕಲಿಯಕ್ಕೆ ಹೋಗ್ತಿದ್ದೆ. ಭಾನುವಾರ ಭಾನುವಾರ."

"ಏನು ಕಲಿಯಕ್ಕೆ?"

"ಇದನ್ನ ನೋಡಕ್ಕೆ. ನಿಮ್ಮಬ್ಬಾ ಕೈಗೆ ಕೊಟ್ರೆ ಹೇಳ್ಬೇಕಲ್ಲ."

ಮೆಹ್ರೀನಳ ಕೈ ಶೂ ಲೇಸಿನ ಮೇಲೇ ನಿಂತುಹೋಯಿತು.

ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅದರ ಜಾಗದಲ್ಲಿ ನಾಚಿಕೆ ಬಂದು ಕೂತಿತು. ನಾಚಿಕೆಯ ಹಿಂದೆಯೇ ಸಿಟ್ಟು.

"ನನ್ನ ಕೇಳಿದ್ರೆ ನಾನೇ ಹೇಳ್ಕೊಡ್ತಿರ್ಲಿಲ್ವಾ?"

"ಮಗಳು ಹೇಳ್ಕೊಟ್ಟಿದ್ದು ಅಂತಿದ್ರು ನಿಮ್ಮಬ್ಬಾ. ನಾನಾಗೇ ಕಲ್ತು ಬರ್ಬೇಕಿತ್ತು."

"ಸರಿ, ಕಲ್ತಿದೀಯಲ್ಲ. ಹೇಳು. ಯಾವ್ದು ಒಳ್ಳೇದು?"

ಸಾಬೀರ್ ಎರಡನ್ನೂ ಬೆರಳಲ್ಲಿ ಒತ್ತಿದ, ಬಿಸಿಲಿಗೆ ಹಿಡಿದು ನೋಡಿದ, ಹಣೆ ಸುಕ್ಕು ಮಾಡಿಕೊಂಡು ಬಲಗೈಯದ್ದನ್ನು ಮುಂದೆ ಚಾಚಿದ.

ಮೆಹ್ರೀನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟಳು. "ತಪ್ಪು. ಅಬ್ಬಾ ನಿಂಗೆ ಚಹಾನೂ ಕೊಡಲ್ಲ."

ಅವನ ಮುಖ ಬಾಡಿತು. "ಮೇಲಿಂದ ಚೆನ್ನಾಗೈತಲ್ಲ..."

"ಮೇಲಿಂದ ನೋಡಿದ್ರೆ ಆಗಲ್ಲ. ಕೇಳ್ಬೇಕು." ಅವಳು ಅವನ ಕೈಯನ್ನೇ ಹಿಡಿದು ಎಡಗೈಯ ಗೂಡನ್ನು ಅವನ ಕಿವಿಯ ಹತ್ತಿರ ಒಯ್ದು ಮೆಲ್ಲಗೆ ಅಲ್ಲಾಡಿಸಿದಳು. ಒಳಗೆ ಹುಳು ಟಕ್ ಟಕ್ ಎಂದಿತು. ಬಲಗೈಯದ್ದನ್ನು ಅಲ್ಲಾಡಿಸಿದಳು. ಏನೂ ಇಲ್ಲ.

"ಜೀವ ಇದ್ರೆ ಸದ್ದು ಮಾಡ್ತದೆ. ಸತ್ರೆ ಒಳಗೇ ಅಂಟ್ಕೊಂಡು ಸುಮ್ನಿರ್ತದೆ" ಎಂದಳು. ಅವನ ಕೈ ಬಿಡಲಿಲ್ಲ. "ನೀನೂ ಇಷ್ಟು ದಿನ ಸುಮ್ನಿದ್ದೆ. ನಾನೇನ್ ಅಂದ್ಕೋಬೇಕಿತ್ತು?"

ದೂರದಲ್ಲಿ ಮೇಷ್ಟ್ರು ಬಸ್ಸಿಗೆ ಹತ್ತಿ ಎಂದು ಕೂಗುತ್ತಿದ್ದರು. ಸಾಬೀರ್ ಆ ಕಡೆ ನೋಡಲಿಲ್ಲ.

"ನೀನ್ ಬೇಕು ನಂಗೆ ಮೆಹ್ರೀನ್" ಎಂದ.

ಅವಳು ಆ ಸುಮ್ಮನಿದ್ದ ಗೂಡನ್ನು ಬಸ್ಸಿನ ಚಕ್ರದ ಕೆಳಗೆ ಎಸೆದಳು. ಸದ್ದು ಮಾಡಿದ್ದನ್ನು ಕರವಸ್ತ್ರದಲ್ಲಿ ಕಟ್ಟಿ ಅವನ ಜೇಬಿಗೆ ಹಾಕಿದಳು.

"ಭಾನುವಾರ ಕೂಟಗಲ್ಲಿಗೆ ಹೋಗ್ಬೇಡ."

"ಮತ್ತೆ?"

"ನಮ್ಮನೇಗ್ ಬಾ. ಅಬ್ಬಾ ಎರಡು ಗೂಡು ಕೊಡ್ತಾರೆ. ಕಿವಿಗ್ ಹಿಡ್ಕೊಂಡು ಕೇಳು."